ಮರಳಿನ ಚೀಲ

ನನ್ನನ್ನು ಯಾರಾದರೂ ಒಳ್ಳೆಯ ಹೆಂಗಸು ಅಂದರೆ ಮೈ ಉರಿಯುತ್ತದೆ. ಬೂದಿಕೋಟೆಯಲ್ಲಿ ಎಲ್ಲರೂ ಹಾಗೇ ಅನ್ನುತ್ತಾರೆ. ಅಕ್ಕಯ್ಯಮ್ಮನ ಕರುಳು ಬೆಣ್ಣೆಯಂತೆ! ಆ ಬೆಣ್ಣೆ ಏನು ಮಾಡಿತು ಅಂತ ಹೇಳುತ್ತೇನೆ, ಕೇಳಿ.

ಎರಡನೇ ಯುದ್ಧಕ್ಕೆ ಮುಂಚಿನ ಮಾತು. ಮಗಳು ಗಂಗರತ್ನಮ್ಮನನ್ನು ಚಿನ್ನದ ಗಣಿಯ ಕಡೆ, ನಂದಿದುರ್ಗದ ಲೈನಿಗೆ, ಅಂದರೆ ಗಣಿ ಕೂಲಿಗಳ ಮನೆಸಾಲಿಗೆ, ಕೊಟ್ಟಿದ್ದೆವು. ಅಳಿಯ ಕದಿರಪ್ಪ ಗಣಿಯೊಳಗೆ ಇಳಿದು ದುಡಿಯುವವನು. ಅವರ ಹಿರಿಮಗಳು ನರಸಿಗೆ ಏಳು ವರ್ಷ. ಆ ಹುಡುಗಿಯ ಬಾಯೋ, ಅಬ್ಬಬ್ಬ! ಲೈನಿನ ತಮಿಳು, ನಮ್ಮ ತೆಲುಗು, ಕನ್ನಡ ಮೂರನ್ನೂ ಕಲಸಿ ಜಗಳವಾಡುತ್ತಿದ್ದಳು. ಗಣಿಯೊಳಗೆ ಆಸರೆ ನಿಲ್ಲಿಸಲು ತಂದು ಒಟ್ಟಿದ ಮರದ ದಿಮ್ಮಿಗಳಿಂದ ಲೈನಿನ ಮಕ್ಕಳು ಒಲೆಗೆಂದು ತೊಗಟೆ ಸುಲಿದು ತರುತ್ತಿದ್ದವು. ಒಂದು ದಿನ ಮೇಲಿನ ದಿಮ್ಮಿ ಉರುಳಿ ನರಸಿಯ ಬಲತೊಡೆಯ ಮೇಲೆ ಬಿತ್ತು. ಮೂಳೆ ಎರಡು ತುಂಡಾಯಿತು.

ಗಂಗರತ್ನ ಆಗ ಹಸಿ ಬಾಣಂತಿ. ಬಂಗಾರಪೇಟೆಯಲ್ಲಿ ಬಿಳಿಯ ಡಾಕ್ಟರೊಬ್ಬ ನಡೆಸುತ್ತಿದ್ದ ಸಣ್ಣ ಆಸ್ಪತ್ರೆಗೆ ಮಗುವಿನ ಜೊತೆ ನಾನೇ ಹೋದೆ.

"ನಿನ್ ಕೈಲಿ ಬಿಟ್ಟಿದೀನಮ್ಮ," ಅಂದಳು ಮಗಳು. "ಕುಂಟಿ ಮಾತ್ರ ಆಗ್ಬಾರ್ದು."

"ನಾನಿದೀನಲ್ಲ, ಸುಮ್ಕಿರು," ಅಂದೆ.

ಆಸ್ಪತ್ರೆಯಲ್ಲಿ ಮಗುವಿನ ಕಾಲಿಗೆ ಅಂಟುಪಟ್ಟಿ ಸುತ್ತಿ, ಅದಕ್ಕೆ ಹಗ್ಗ ಕಟ್ಟಿ, ಮಂಚದ ತುದಿಯ ರಾಟೆಯ ಮೇಲೆ ಹಾಯಿಸಿ, ಆಚೆ ಒಂದು ಮರಳಿನ ಚೀಲ ತೂಗುಹಾಕಿದರು. ಡಾಕ್ಟರ್ ದೊರೆಗೆ ನಮ್ಮ ಮಾತು ಬಾರದು, ನನಗೆ ಇಂಗ್ಲಿಷ್ ಬಾರದು. ಗಾಯ ಕಟ್ಟುವ ಡ್ರೆಸ್ಸರ್ ಕೋದಂಡಪ್ಪನೇ ಇಬ್ಬರಿಗೂ ಬಾಯಿ.

"ಮುರಿದ ತುದಿಗಳು ಒಂದ್ರ ಮೇಲೊಂದು ಏರ್ಕಂಡವೆ ಕಣಮ್ಮ," ಅಂದ ಅವನು. "ಈ ಭಾರ ಎಳೀತಿದ್ರೆ ಜಾಗಕ್ಕೆ ಬಂದು ಕೂಡ್ಕಂತವೆ. ಒಂದು ತಿಂಗ್ಳು ಚೀಲ ಮುಟ್ಟಂಗಿಲ್ಲ. ದೊರೆ ಆರ್ಡರು."

ಮುಟ್ಟಬಾರದಂತೆ! ಮಂಚದ ಪಕ್ಕ ಹಗಲೆಲ್ಲ ಕೂತವಳು ನಾನು, ದೊರೆಯಲ್ಲ. ನೋವು, ನೋವು ಅಂತ ಮಗು ಅತ್ತೂ ಅತ್ತೂ ದನಿ ಹೋಗಿ ಬರೀ ಬಾಯಿ ತೆರೆಯುತ್ತಿತ್ತು. ತುತ್ತು ಇಟ್ಟರೆ ಉಗಿಯುತ್ತಿತ್ತು. ನಮ್ಮ ಕಡೆ ಅಜ್ಜಿಯನ್ನು ಅವ್ವ ಅನ್ನುತ್ತಾರೆ. ನಾಲ್ಕನೆಯ ದಿನ ಮಧ್ಯಾಹ್ನ ಅದು ನನ್ನ ಸೆರಗು ಹಿಡಿದು, "ಅವ್ವಾ, ಒಂದ್ ಗಳಿಗೆ ಇಳಿಸವ್ವ, ನಿನ್ ಕಾಲಿಗ್ ಬೀಳ್ತೀನಿ," ಅಂದಿತು.

ಏಳು ವರ್ಷದ ಮಗು ಕಾಲಿಗೆ ಬೀಳುತ್ತೇನೆ ಅಂದರೆ ಯಾವಳು ತಡೆದಾಳು? ಮುಕ್ಕಾಲಿ ಎಳೆದು ಚೀಲವನ್ನು ಎತ್ತಿ ಅದರ ಮೇಲಿಟ್ಟೆ. ಹಗ್ಗ ಸಡಿಲವಾಯಿತು. ಮಗು ಎರಡು ತುತ್ತು ಉಂಡು ನಿದ್ದೆ ಹೋಯಿತು. ನನಗೆ ಆಗ ಎಷ್ಟು ಹಿತವಾಯಿತು ಅಂದರೆ ಕಣ್ಣಲ್ಲಿ ನೀರು ಬಂತು.

ಅವತ್ತಿಂದ ದಿನಾ ಅದೇ ಆಯಿತು. ಕೋದಂಡಪ್ಪ ಹನ್ನೆರಡಕ್ಕೆ ಊಟಕ್ಕೆಂದು ಮನೆಗೆ ಹೋದರೆ ಒಂದು ನಿದ್ದೆ ತೆಗೆದು ನಾಲ್ಕಕ್ಕೆ ಬರುತ್ತಿದ್ದ. ಅವನು ವಾರ್ಡು ಬಿಟ್ಟು ಹೋಗುವಂತಿರಲಿಲ್ಲ, ಆದರೂ ಹೋಗುತ್ತಿದ್ದ. ಅವನು ಹೊರಟ ಕೂಡಲೇ ನಾನು ಚೀಲ ಎತ್ತಿಡುತ್ತಿದ್ದೆ, ಬರುವ ಹೊತ್ತಿಗೆ ಮತ್ತೆ ತೂಗುಹಾಕುತ್ತಿದ್ದೆ. "ಯಾರ್ಗೂ ಏಳ್ಬೇಡ ಕಣೇ," ಅಂತ ಮಗುವಿಗೂ ಕಲಿಸಿದ್ದೆ.

ಮೂರು ವಾರ ಕಳೆದ ಮೇಲೆ ಒಂದು ಸಂಜೆ ದೊರೆ ಟೇಪು ಹಿಡಿದು ಎರಡೂ ಕಾಲು ಅಳೆದ. ಹುಬ್ಬು ಗಂಟಿಕ್ಕಿದ. ಕೋದಂಡಪ್ಪನನ್ನು ಏನೋ ಕೇಳಿದ, ಇವನು "ನೋ ಸಾರ್, ನೋ ಸಾರ್" ಅಂದ. ದೊರೆ ಅತ್ತ ಹೋದ ಮೇಲೆ ಕೋದಂಡಪ್ಪ ನನ್ನ ಹತ್ತಿರ ಬಂದ.

"ಕಾಲು ಎರಡು ಬೆರಳು ಗಿಡ್ಡ ಬಂದದೆ ಕಣಮ್ಮ. ಮೂಳೆ ಸಂದೀಲಿ ಮಾಂಸ ಸಿಕ್ಕಂಡಿರ್ಬೇಕು, ಅದಕ್ಕೇ ಜಾಗಕ್ಕೆ ಬಂದಿಲ್ಲ ಅಂತಾರೆ. ನಾಳೆ ತೊಡೆ ಕುಯ್ದು, ಒಳಗೆ ಕಬ್ಬಿಣದ ಪಟ್ಟಿ ಇಟ್ಟು ತಿರುಪು ಹಾಕ್ತಾರೆ."

"ಕುಯ್ಯೋದಾ?"

"ಚೀಲ ಯಾವಾಗಾದ್ರೂ ಇಳಿಸಿದ್ರಾ ಅಂತ ಕೇಳಿದ್ರು. ಇಳಿಸಿದ್ರೆ ಕುಯ್ಯೋದು ಬೇಡ, ಇನ್ನೂ ಭಾರ ಹಾಕಿ ಎಳ್ದು ನೋಡಾನ ಅಂದ್ರು. ನಾನು ಇಲ್ಲ ಅಂದೆ. ನಾನೇ ಕಾವಲಿದ್ದೀನಲ್ಲ!"

ಆಗಲೇ ಹೇಳಬೇಕಿತ್ತು. ಮಗಳಿಗೆ ಗೊತ್ತಾದರೆ ನನ್ನ ಮುಖ ನೋಡುತ್ತಾಳೆಯೇ ಅಂತ ಯೋಚಿಸಿದೆ. ನೋಡಿ, ಮಗುವಿನ ತೊಡೆಗಿಂತ ನನಗೆ ನನ್ನ ಮುಖ ದೊಡ್ಡದಾಯಿತು. ಥೂ.

ಬೆಳಗಾಗುವುದರೊಳಗೆ ಗಟ್ಟಿ ಮನಸ್ಸು ಮಾಡಿದೆ. ಮಗುವನ್ನು ಕುಯ್ಯುವ ಕೋಣೆಯ ಬಾಗಿಲಿಗೆ ಎತ್ತಿಕೊಂಡು ಬಂದರು. ದೊರೆ ಬಂದದ್ದೇ ತಡ, ಅವನ ಎರಡೂ ಕಾಲು ಹಿಡಿದುಕೊಂಡೆ.

"ನಾನೇ ಸ್ವಾಮಿ! ಚೀಲ ನಾನೇ ಇಳಿಸ್ತಿದ್ದೆ, ದಿನಾ ಮಧ್ಯಾಹ್ನ, ಈಯಪ್ಪ ಮನೇಗ್ ಓದಾಗ. ಮಗು ಅಳ್ತಿತ್ತು, ತಡೀಲಾರ್ದೆ ಇಳಿಸ್ದೆ. ಕುಯ್ಬೇಡಿ, ನಿಮ್ ದಮ್ಮಯ್ಯ!"

ದೊರೆ ಕೋದಂಡಪ್ಪನ ಕಡೆ ತಿರುಗಿದ. ಕೋದಂಡಪ್ಪನ ಮುಖದಲ್ಲಿ ರಕ್ತವಿರಲಿಲ್ಲ. ಅವನು ಇಂಗ್ಲಿಷಿನಲ್ಲಿ ಏನೋ ಹೇಳಿದ. ದೊರೆಯ ಮುಖ ಅರಳಿತು. ಬಗ್ಗಿ ನನ್ನ ಭುಜ ತಟ್ಟಿ, ತನಗೆ ಬರುವ ಎರಡು ಮಾತಿನಲ್ಲಿ, "ಬಯ ಬೇಡ, ಅಮ್ಮ," ಅಂದ. ನಗುತ್ತಲೇ ಒಳಗೆ ಹೋದ.

ನಾನು ಹೇಳಿದ್ದನ್ನು ಕೇಳಿ ಯಾರು ನಗುತ್ತಾರೆ?

"ಏನ್ ಏಳ್ದೆಯಪ್ಪಾ?" ಅಂದೆ.

"ಬಾಯ್ ಮುಚ್ಕಳಮ್ಮ," ಅಂದ ಕೋದಂಡಪ್ಪ, ನನ್ನ ಕಣ್ಣು ನೋಡದೆ. "ವಾರ್ಡ್ ಬಿಟ್ ಓಗ್ತಿದ್ದೆ ಅಂತ ಗೊತ್ತಾದ್ರೆ ನನ್ ಕೆಲಸ ಓಯ್ತದೆ. ಮೂರು ಮಕ್ಳವೆ ನಂಗೆ. ದೊರೆ ಕೈಗುಣ ಒಳ್ಳೇದು, ಎಲ್ಲಾ ಸರಿಯಾಯ್ತದೆ."

ಬಾಗಿಲು ಹಾಕಿರಲಿಲ್ಲ. ನುಗ್ಗಬಹುದಿತ್ತು. ಚೀಲ ಎತ್ತಿಡುವುದನ್ನು ಕೈಯಾಡಿಸಿ ತೋರಿಸಿದ್ದರೆ ಸಾಕಿತ್ತು, ಅದಕ್ಕೆ ಯಾವ ಭಾಷೆ ಬೇಕು? ಹೊಳೆಯಲಿಲ್ಲ ಅಂದರೆ ಸುಳ್ಳಾಗುತ್ತದೆ. ಹೊಳೆದಿತ್ತು. ಆದರೆ ಹೇಳುವುದನ್ನು ಹೇಳಿಯಾಯಿತು, ನನ್ನ ಪಾಪ ಇವನ ತಲೆಗೆ ಹೋಯಿತು ಅಂತ ಒಳಗೊಳಗೇ ಹಗುರವಾಗಿತ್ತು. ಹಾಗೇ ಗೋಡೆಗೊರಗಿ ಕೂತೆ.

ಕುಯ್ದ ನಾಲ್ಕನೆಯ ದಿನಕ್ಕೆ ಕಟ್ಟಿನಿಂದ ನಾತ ಬಂತು, ಜ್ವರ ಏರಿತು. ದೊರೆ ಮತ್ತೆ ಹೊಲಿಗೆ ಬಿಚ್ಚಿದ, ಒಳಗಿನ ಕಬ್ಬಿಣದ ಪಟ್ಟಿ ತೆಗೆದ, ಕೀವು ತೊಳೆದ. ಊಟ ಬಿಟ್ಟು ಮಂಚದ ಹತ್ತಿರವೇ ನಿಂತಿದ್ದ, ಪಾಪ. ಕೀವಿಗೆ ಆಗಿನ ಕಾಲದಲ್ಲಿ ಮದ್ದೆಲ್ಲಿತ್ತು? ಒಂಬತ್ತನೆಯ ದಿನ ಬೆಳಿಗ್ಗೆ ನರಸಿ ಹೋದಳು.

ಮಗಳೂ ಅಳಿಯನೂ ಬಂದರು. ಮೂಳೆಯ ಸಂದಿಯಲ್ಲಿ ಮಾಂಸವೇನೂ ಇರಲಿಲ್ಲ, ಯಾಕೆ ಕೂಡಲಿಲ್ಲವೋ ತಿಳಿಯದು ಅಂತ ದೊರೆ ಅವರಿಗೆ ಹೇಳಿಸಿದ. ಹೇಳಿದ್ದು ಕೋದಂಡಪ್ಪನೇ. ಆಮೇಲೆ ಅವನು ಗಂಗರತ್ನಳನ್ನು ಪಕ್ಕಕ್ಕೆ ಕರೆದು ಇನ್ನೇನೋ ಅಂದ. ಅವಳು ನೆಟ್ಟಗೆ ಬಂದು ನನ್ನನ್ನು ತಬ್ಬಿಕೊಂಡಳು.

"ಡ್ರೆಸ್ಸರ್ ಎಲ್ಲಾ ಏಳ್ದ ಕಣಮ್ಮ. ಕುಂಟಿ ಆಗ್ಬಾರ್ದು ಅಂತ ನೀನು ದೊರೆ ಕಾಲ್ ಇಡ್ಕಂಡು, ಬೇಗ ಕುಯ್ದು ಸರಿ ಮಾಡಿ ಸ್ವಾಮಿ ಅಂತ ಬೇಡ್ಕಂಡ್ಯಂತೆ. ದೊರೆಗೆ ಅಂಗೇ ಏಳ್ದೆ ಅಂದ. ನಾನಿದ್ದಿದ್ರೂ ಇಷ್ಟು ಮಾಡ್ತಿರ್ನಿಲ್ಲಮ್ಮ. ಬೇಡ್ಕಂಡ್ಯಾ?"

ಕೋದಂಡಪ್ಪ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದ.

"ಊಂ ಕಣಮ್ಮ," ಅಂದೆ, "ಬೇಡ್ಕಂಡೆ."