ಗುರವ್ವ ಏಳಲಿಲ್ಲ

"ಇನ್ನೊಂಚೂರು ಬಿಗಿಯಾಗಿ ಎಳಿ ನೇಹಾ. ತಲಿ ಮುಂದ ವಾಲಬಾರದು."

ನಿವೇದಿತಾ ಬಿಳಿ ಬಟ್ಟೆಯ ತುದಿಯನ್ನು ಮಗಳ ಕೈಗೆ ಕೊಟ್ಟಳು. ಆ ಬಟ್ಟೆ ಅತ್ತೆ ಗುರವ್ವನ ಹಣೆಯನ್ನು ಒಂದು ಸುತ್ತು ಬಳಸಿ ಗೋಡೆಯ ಟೀವಿ ಬ್ರಾಕೆಟ್ಟಿಗೆ ಹೋಗಿತ್ತು. ಟೀವಿಯನ್ನು ಬೆಳಿಗ್ಗೆಯೇ ಇಳಿಸಿ ಗ್ಯಾರೇಜಿಗೆ ಸಾಗಿಸಿಯಾಗಿತ್ತು. ಬ್ರಾಕೆಟ್ಟಿನ ಕೆಳಗಿನ ಅಗಲ ಮೇಜಿನ ಮೇಲೆ ಕೌದಿ ಹಾಸಿ, ಗುರವ್ವನನ್ನು ಚಕ್ಕಳಮಕ್ಕಳ ಹಾಕಿಸಿ ಕೂರಿಸಿದ್ದರು. ಮೈಮೇಲೆ ಇಳಕಲ್ ಸೀರೆ, ಹಣೆ ತುಂಬ ವಿಭೂತಿ, ಮಡಿಲಲ್ಲಿ ತೆರೆದಿಟ್ಟ ಎಡಗೈಯಲ್ಲಿ ಇಷ್ಟಲಿಂಗ.

ನೇಹಾ ಎಳೆದಳು. "ಈಸ್ ಇಟ್ ಹರ್ಟಿಂಗ್ ಹರ್?" ಎಂದು ಕೇಳಿದಳು. ಕೇಳಿದ ಮೇಲೆ ತಾನೇ ಅತ್ತಳು.

ಪ್ರಾಣ ಹೋಗಿದ್ದು ಬೆಳಗಿನ ಜಾವ, ಹೂಸ್ಟನ್ನಿನ ಪಕ್ಕದ ಮಿಸೌರಿ ಸಿಟಿಯ ಇದೇ ಮನೆಯಲ್ಲಿ. ಮೈ ಸೆಟೆಯುವ ಮೊದಲು ಕೂರಿಸಬೇಕೆಂದು ನಿವೇದಿತಾ ಯಾರನ್ನೂ ಕೇಳಲು ಹೋಗಲಿಲ್ಲ. ಫಿಸಿಯೋಥೆರಪಿಸ್ಟ್ ಆದ ಅವಳು ಹೂಸ್ಟನ್ನಿನ ಅರ್ಧ ಮುದುಕರನ್ನು ಹಾಸಿಗೆಯಿಂದ ಎಬ್ಬಿಸಿ ನಡೆಸಿದವಳು. ಒಬ್ಬರನ್ನು ಹೀಗೆ ಕೂರಿಸಿ ಕೈಬಿಟ್ಟಿದ್ದು ಇದೇ ಮೊದಲು.

ಅವರಲ್ಲಿ ಸತ್ತವರನ್ನು ಸುಡುವುದಿಲ್ಲ, ಮಲಗಿಸುವುದೂ ಇಲ್ಲ. ಕೂತ ಭಂಗಿಯಲ್ಲೇ ಮಣ್ಣು ಮಾಡುತ್ತಾರೆ. ಆದರೆ ಟೆಕ್ಸಸ್ಸಿಗೆ ಬಂದ ಮೇಲೆ ಆ ಪದ್ಧತಿ ಯಾರದೋ ಹಳೆಯ ಸೂಟ್‌ಕೇಸಿನ ತಳದಲ್ಲಿ ಉಳಿದುಹೋಗಿತ್ತು. ಹೋದವರೆಲ್ಲ ಪಾಲಿಶ್ ಹೊಡೆದ ಪೆಟ್ಟಿಗೆಯಲ್ಲಿ ಅಂಗಾತ ಮಲಗಿಯೇ ಹೋಗಿದ್ದರು. ಯಾರೂ ತಕರಾರು ಮಾಡಿರಲಿಲ್ಲ, ಸತ್ತವರಂತೂ ಮಾಡುವ ಹಾಗಿರಲಿಲ್ಲ. ನಿವೇದಿತಾ ಮಾತ್ರ ಹತ್ತಾರು ಕಡೆ ಫೋನು ಮಾಡಿ, ಆಸ್ಟಿನ್ನಿನ ಆಚೆ ಹುಲ್ಲುಗಾವಲಿನಲ್ಲಿ ಪೆಟ್ಟಿಗೆಯಿಲ್ಲದೆ ಹೂಳುವ ಒಂದು ಜಾಗ ಹುಡುಕಿದ್ದಳು. ಅಲ್ಲಿಯ ಹೆಂಗಸು "ಕೂರಿಸಿಯೇ?" ಎಂದು ಒಂದು ಸಲ ಕೇಳಿ, ಹಾಗಾದರೆ ಗುಂಡಿ ಅಗಲ ಕಡಿಮೆ, ಆಳ ಜಾಸ್ತಿ ತೋಡಿಸುತ್ತೇನೆ ಎಂದಿದ್ದಳು. ಅಷ್ಟೇ ಇದ್ದದ್ದು ಕೆಲಸ.

ಮೇಜಿನ ಎದುರು, ಟೀವಿ ನೋಡುವ ತನ್ನ ಒರಗುಕುರ್ಚಿಯಲ್ಲಿ ಗುರವ್ವನ ಗಂಡ ನೀಲಕಂಠಪ್ಪ ಕೂತಿದ್ದ.

ಹತ್ತು ಗಂಟೆಯ ಹೊತ್ತಿಗೆ ಹಿರಿಯ ಮಗ ಶ್ರೀಶೈಲ್ ಡಲ್ಲಾಸಿನಿಂದ ಬಂದ. ಅಲ್ಲೇ ಪಕ್ಕದ ಫಾರ್ಮರ್ಸ್ ಬ್ರಾಂಚ್ ಎಂಬ ಊರಿನಲ್ಲಿ ಅವನದು ಇನ್ಶೂರೆನ್ಸ್ ಆಫೀಸು. ಯಾವ ಕೆಲಸವನ್ನೂ ದಾರಿಯಲ್ಲಿರುವಾಗಲೇ ಫೋನಿನಲ್ಲಿ ಮುಗಿಸಿಬಿಡುವ ಮನುಷ್ಯ. ಬಾಗಿಲಲ್ಲಿ ಬೂಟು ಬಿಚ್ಚುತ್ತ ತಲೆಯೆತ್ತಿ ನೋಡಿದವನು ಒಂದೇ ಬೂಟಿನಲ್ಲಿ ನಿಂತುಬಿಟ್ಟ. ಮೊದಲು ಕಂಡದ್ದು ಅವ್ವನ ಮುಖ. ಆಮೇಲೆ ಬ್ರಾಕೆಟ್ಟು, ಬಟ್ಟೆ, ಗಂಟು ಎಲ್ಲ ಕಣ್ಣಿಗೆ ಬಿದ್ದವು.

"ಇದೇನ್ರಿ ನಿವೇದಿತಾ? ನಾ ಚಾಪೆಲ್ ಬುಕ್ ಮಾಡೀನಿ, ಕಾಸ್ಕೆಟ್ ಪೆಟಗಿ ಆಗೈತಿ. ಒಂದು ಗಂಟೆಕ್ಕ ಫ್ಯೂನರಲ್ ಹೋಮಿನವ್ರು ಸ್ಟ್ರೆಚರ್ ತೊಗೊಂಡು ಬರ್ತಾರ. ಡಲ್ಲಾಸಿಂದ ಮಂದಿ ಹೊಂಟಾರ."

"ಮುಂಜಾನೆ ಫೋನಿನ್ಯಾಗ ಹೇಳಿದ್ನೆಲ್ರಿ ಭಾವಾರ. ಅತ್ತಿ ಕುಂತ ಹೋಗ್ತಾರ."

"ನೀವು ಹೇಳಿದ್ರಿ, ನಾ ಹೂಂ ಅಂದಿರಲಿಲ್ಲ."

"ನಿಮ್ಮ ಹೂಂ ಕೇಳಿರಲಿಲ್ರಿ."

ನಿವೇದಿತಾಳ ಗಂಡ ಚಿದಾನಂದ್ ಅಣ್ಣನ ಮುಖ, ಹೆಂಡತಿಯ ಮುಖ ಎರಡನ್ನೂ ನೋಡಿ ಗಂಟಲು ಸರಿಮಾಡಿಕೊಂಡ. "ಅಣ್ಣ ಹೇಳೂದ್ರಾಗೂ..."

"ನೀವು ಯಾರ ಕಡೆ ಅಂತ ನಾ ಕೇಳಾಕತ್ತಿಲ್ಲ," ಎಂದಳು ನಿವೇದಿತಾ. "ವ್ಯಾನಿನ ಹಿಂದಿನ ಸೀಟು ತಗದು ಇಡ್ರಿ ಹೋಗ್ರಿ."

ಅವನು ಹೋದ. ಮಾತಿಗಿಂತ ಸ್ಪ್ಯಾನರ್ ಹಿಡಿಯುವುದು ಅವನಿಗೆ ಯಾವತ್ತೂ ಸಲೀಸು. ಹೋಗುವಾಗ ಜಗುಲಿಯ ಮೆಟ್ಟಿಲ ಪಕ್ಕದ ಖಾಲಿ ಬಟ್ಟಲು ಕಾಲಿಗೆ ತಾಗಿ ಉರುಳಿತು. ಬೂದುಬಣ್ಣದ ಒಂದು ಬೀದಿಬೆಕ್ಕಿಗೆ ಗುರವ್ವ ಮಧ್ಯಾಹ್ನ ಮೊಸರನ್ನ ಇಡುತ್ತಿದ್ದ ಬಟ್ಟಲು ಅದು. ಇವತ್ತು ಯಾರಿಗೂ ಅದರ ನೆನಪಾಗಿರಲಿಲ್ಲ.

*

ಬೆಕ್ಕು ಅಡ್ಡ ಬಂದರೆ ನೀಲಕಂಠಪ್ಪ ಮುಂದೆ ಹೆಜ್ಜೆ ಇಡುತ್ತಿರಲಿಲ್ಲ. ನೀರಾವರಿ ಇಲಾಖೆಯ ಎಂಜಿನಿಯರ್ ಆಗಿದ್ದಾಗ ಬಾಗಲಕೋಟೆಯಲ್ಲಿ ಸ್ಕೂಟರ್ ತಿರುಗಿಸಿಕೊಂಡು ಮನೆಗೆ ಬರುತ್ತಿದ್ದ. ಮಿಸೌರಿ ಸಿಟಿಗೆ ಬಂದ ಮೇಲೆ ಹಿಲ್‌ಕ್ರಾಫ್ಟಿನ ಇಂಡಿಯನ್ ಅಂಗಡಿಗಳಿಗೆ ತರಕಾರಿ ತರಲು ಹೊರಟಾಗಲೂ ಮಗನಿಂದ ಕಾರು ರಿವರ್ಸ್ ಮಾಡಿಸುತ್ತಿದ್ದ. ಒಳಗೆ ಬಂದು ಕೂರಬೇಕು, ನೀರು ಕುಡಿಯಬೇಕು, ಆಮೇಲೆ ಹೊರಡಬೇಕು. ಕೂತವನು "ನೀರು" ಅನ್ನುತ್ತಿದ್ದ. ಅಷ್ಟೇ ಮಾತು. ಗುರವ್ವ ಒಲೆಯ ಮುಂದಿರಲಿ, ಊಟದ ಮುಂದಿರಲಿ, ಎದ್ದು ಬರುತ್ತಿದ್ದಳು. ಬಲಗೈಯಲ್ಲಿ ಲೋಟ, ಎಡಗೈ ಬಲ ಮೊಣಕೈಗೆ ಆನಿಸಿ. ಅವನು ಕುಡಿದು ಮುಗಿಸುವವರೆಗೆ ಹಾಗೇ ನಿಂತಿರುತ್ತಿದ್ದಳು.

ಮದುವೆಯಾಗಿ ಬಂದ ಹೊಸತರಲ್ಲಿ ನಿವೇದಿತಾಗೆ ಇದು ತಮಾಷೆಯಾಗಿ ಕಂಡಿತ್ತು. ಆಮೇಲೆ ಸಿಟ್ಟು ಬರತೊಡಗಿತು. ಅತ್ತೆ ಪೂರ್ತಿ ಒಂದು ಊಟ ಕೂತು ಉಂಡದ್ದನ್ನು ಅವಳು ನೋಡಿರಲಿಲ್ಲ. ಯಾರೋ ಒಬ್ಬರು ಏನೋ ಒಂದು ಕೇಳುತ್ತಿದ್ದರು, ಗುರವ್ವ ಏಳುತ್ತಿದ್ದಳು.

ಹೈಸ್ಕೂಲು ಮುಗಿದ ಖುಷಿಗೆ ನೇಹಾ ಜಪಾನಿಗೆ ಹೋಗಬೇಕೆಂದಳು. ಅಮ್ಮ ಮಗಳು ಇಬ್ಬರೇ ಹೋಗುವುದೆಂದಾಯಿತು. ಒಂದು ಸಂಜೆ ಅವಳು ಅಡುಗೆಮನೆಯಲ್ಲಿ ಫೋನು ಹಿಡಿದು ಅಜ್ಜಿಗೆ ಒಂದು ವಿಡಿಯೋ ತೋರಿಸಿದಳು. ಪುಟ್ಟ ದ್ವೀಪ, ಬೆರಳೆಣಿಕೆಯ ಮುದುಕರು, ಕಾಲಿಟ್ಟಲ್ಲೆಲ್ಲ ಬೆಕ್ಕು. ಗುರವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೊನೆಯವರೆಗೂ ನೋಡಿದಳು.

"ನನ್ನೂ ಕರ್ಕೊಂಡು ಹೋಗ್ತೀರೇನು?" ಎಂದಳು.

ನೀಲಕಂಠಪ್ಪ ನಕ್ಕ. ಶ್ರೀಶೈಲ್ ಡಲ್ಲಾಸಿನಿಂದ ಫೋನಿನಲ್ಲಿ ನಕ್ಕ. "ಅವ್ವಾ, ಬೆಕ್ಕು ನೋಡಾಕ ಜಪಾನಿಗೆ ಹೋಗ್ತಿಯೇನು? ಕಾಶಿಗೆ ಟಿಕೆಟ್ ಮಾಡಸ್ತೀನಿ, ಸುಮ್ನಿರು."

"ಕಾಶಿಗೆ ನಿಮ್ಮಪ್ಪನ್ನ ಕಳಸು," ಎಂದಳು ಗುರವ್ವ. "ನನಗ ಬೆಕ್ಕು ನೋಡಬೇಕಾಗೈತಿ."

*

ಮಧ್ಯಾಹ್ನದ ಹೊತ್ತಿಗೆ ಮನೆ ತುಂಬಿತು. ಎದುರುಮನೆಯ ನಳಿನಿ ಆಂಟಿ ಹಿಲ್‌ಕ್ರಾಫ್ಟಿನಿಂದ ಮಲ್ಲಿಗೆ ದಂಡೆ ತಂದಿದ್ದರು. ಮೈಸೂರಿನವರು, ಈ ಪದ್ಧತಿ ಕಂಡವರಲ್ಲ. ಗುರವ್ವನಿಗೆ ಕೈಮುಗಿದು ನಿವೇದಿತಾಳ ಕಿವಿಯ ಹತ್ತಿರ ಬಂದರು.

"ಎಷ್ಟು ಲಕ್ಷಣವಾಗಿ ಕೂತಿದಾರೆ ಕಣೇ. ಆದ್ರೆ ಇದೆಲ್ಲ ಇಲ್ಲಿ ನಡೆಯುತ್ತಾ? ನಿಮ್ಮ ಭಾವ ಹೊರಗಡೆ ತುಂಬಾ ಬೇಜಾರ್ ಮಾಡ್ಕೊಂಡಿದಾರೆ."

"ನಡೆಯುತ್ತೆ ಆಂಟಿ. ಎಲ್ಲಾ ಕೇಳ್ಕೊಂಡಿದೀನಿ."

"ಅದಲ್ಲ, ಹಟ ಯಾಕೆ ಅಂತ. ಇವತ್ತಿನ ದಿನ ಮನೇಲಿ ಮನಸ್ತಾಪ..."

ಹಿಂದಿನಿಂದ ಯಾರೋ ಪಿಸುಗುಟ್ಟಿದರು, "ಇವರೇ ಅಲ್ವಾ, ಬೆಕ್ಕಿಗೋಸ್ಕರ ವಿಮಾನ ತಪ್ಪಿಸ್ಕೊಂಡವರು?" ಇನ್ನೊಬ್ಬರು ನಗು ತಡೆದುಕೊಂಡರು. ಆ ಕತೆ ಡಲ್ಲಾಸು, ಹೂಸ್ಟನ್, ಆಸ್ಟಿನ್ ಮೂರೂ ಊರಿನ ಕನ್ನಡಿಗರ ಹಬ್ಬದೂಟಗಳಲ್ಲಿ ಓಡಾಡಿ ಸವೆದಿತ್ತು. ಹೇಳುವವರು ಯಾರೂ ಆ ದಿನ ಅಲ್ಲಿರಲಿಲ್ಲ. ನಿವೇದಿತಾ ಇದ್ದಳು.

*

ಜಪಾನಿನ ಆ ದ್ವೀಪದಲ್ಲಿ ದೋಣಿ ಇಳಿದ ಕೂಡಲೇ ಮೊದಲ ಬೆಕ್ಕು ಅಡ್ಡ ಬಂತು. ಗುರವ್ವ ನಿಂತಳು. ಅದು ದಾಟುವುದರೊಳಗೆ ಇನ್ನೊಂದು ಬಂತು, ಅದರ ಹಿಂದೆ ಮೊಂಡುಬಾಲದ ಮತ್ತೊಂದು. ಒಣಗಲು ಹಾಕಿದ ಬಲೆಗಳ ಮೇಲೆ, ಕಟ್ಟೆಯ ಮೇಲೆ, ಮುಚ್ಚಿದ ಮನೆಗಳ ಹೊಸ್ತಿಲ ಮೇಲೆ ಬೆಕ್ಕು. ಇವರ ಹಂಗು ಒಂದಕ್ಕೂ ಇರಲಿಲ್ಲ. ಬೇಕಾದಲ್ಲಿ ಕೂತಿದ್ದವು, ಬೇಡವಾದಾಗ ಎದ್ದು ಹೋಗುತ್ತಿದ್ದವು.

ಅಂಗಡಿ ಇಲ್ಲದ ಊರು. ಕಟ್ಟಿಕೊಂಡು ಹೋಗಿದ್ದ ಕಟಕ್ ರೊಟ್ಟಿ, ಶೇಂಗಾ ಚಟ್ನಿಯನ್ನು ದೋಣಿ ನಿಲ್ಲುವ ದಕ್ಕೆಯ ಮೆಟ್ಟಿಲ ಮೇಲೆ ಬಿಚ್ಚಿದರು. ಒಂದು ಹಳದಿ ಬೆಕ್ಕು ಚಟ್ನಿ ಮೂಸಿ ಸೀನಿತು. ಗುರವ್ವ ಬಿದ್ದು ಬಿದ್ದು ನಕ್ಕಳು. ಅವಳಿಗೆ ಅಷ್ಟೊಂದು ನಗು ಇದೆಯೆಂದು ನಿವೇದಿತಾಗೆ ಗೊತ್ತೇ ಇರಲಿಲ್ಲ. ತಳ್ಳುಗಾಡಿಯ ಆಸರೆಯಲ್ಲಿ ನಡೆದು ಬಂದ ಅಲ್ಲಿಯ ಅಜ್ಜಿಯೊಬ್ಬಳು ಕಿತ್ತಳೆ ಕೊಟ್ಟು, ರೊಟ್ಟಿ ಇಸಿದುಕೊಂಡು ಪಕ್ಕದಲ್ಲೇ ಕೂತಳು. ಒಬ್ಬರ ಮಾತು ಇನ್ನೊಬ್ಬರಿಗೆ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಊಟವಾದ ಮೇಲೆ ಸೀನಿದ ಬೆಕ್ಕೇ ಬಂದು, ಗುರವ್ವನ ಮಡಿಲು ಹತ್ತಿ, ಎರಡು ಸುತ್ತು ತಿರುಗಿ ಮುದುಡಿಕೊಂಡು ಮಲಗಿತು. "ಮೀನಿಲ್ಲ, ಹಾಲಿಲ್ಲ, ಬರೇ ತೊಡಿ ಐತಿ. ಅದಕ್ಕ ಬಂದೈತಿ ನೋಡು," ಎಂದಳು ಗುರವ್ವ, ಮೆಲುದನಿಯಲ್ಲಿ.

ಸಂಜೆಯ ಕೊನೆಯ ದೋಣಿ ಕೂಗಿತು.

"ಅತ್ತಿ, ಏಳ್ರಿ."

"ಮಲಗೈತಿ."

"ಇದು ಕೊನೇ ದೋಣಿ. ನಾಳೆ ಮುಂಜಾನೆ ಫ್ಲೈಟ್ ಐತ್ರಿ."

"ನೀವು ಹೋಗ್ರಿ. ನಾ ಏಳಂಗಿಲ್ಲ."

ನಿವೇದಿತಾ ಬೆಕ್ಕನ್ನು ಎತ್ತಲು ಬಾಗಿದಳು. ಗುರವ್ವ ಅವಳ ಕೈ ಹಿಡಿದಳು. "ನಿಮ್ಮ ಮಾವಗ ಒಂದು ಬೆಕ್ಕು ಅಡ್ಡ ಬಂದ್ರ ಕುಂದರ್ತಾನ, ನಾ ಏಳ್ತೀನಿ. ಮುಂಜಾನಿಂದ ನನಗ ಎಷ್ಟು ಬೆಕ್ಕು ಅಡ್ಡ ಬಂದಾವ ಲೆಕ್ಕ ಐತೇನು? ನಾ ಎಷ್ಟು ವರ್ಷ ಕುಂದರಬೇಕು ಹೇಳು?"

ದೋಣಿ ಹೋಯಿತು. ನೇಹಾ ಚಪ್ಪಾಳೆ ತಟ್ಟಿದಳು. ನಿವೇದಿತಾ ಒಂದು ಗಳಿಗೆ ಹಲ್ಲು ಕಚ್ಚಿ ನಿಂತು, ಆಮೇಲೆ ತಾನೂ ಕೂತಳು. ಸಮುದ್ರ ನೋಡುತ್ತ ಕೂತಿದ್ದಾಗ ಗುರವ್ವ ಯಾರಿಗೆಂದಿಲ್ಲದೆ ಹೇಳಿದಳು, "ಸತ್ತಾಗ ನನ್ನ ಹಿಂಗ ಕುಂಡ್ರಸ್ರಿ. ಮಲಗಸಬ್ಯಾಡ್ರಿ. ಮಲಗಿಸಿದ್ರ ಯಾರರ ಎಬ್ಬಸ್ತಾರ."

ಆ ಅಜ್ಜಿಯ ಮನೆಯಲ್ಲಿ ಉಳಿದರು. ನೀಲಕಂಠಪ್ಪನ ಫೋನು ಬಂತು. ನಾಳೆ ನಾನು ಏನು ಉಣ್ಣಬೇಕು ಎಂದು ಕೇಳಿದ. "ಡಬ್ಬಿ ತಗದು ನೋಡ್ರಿ," ಎಂದು ಗುರವ್ವ ಫೋನಿಟ್ಟಳು.

*

ಒಂದು ಗಂಟೆಗೆ ಕರಿಸೂಟಿನವನೊಬ್ಬ ಸ್ಟ್ರೆಚರ್ ತಳ್ಳಿಕೊಂಡು ಅಂಗಳಕ್ಕೆ ಬಂದ. ಒಳಗೆ ಬಂದು, ಗುರವ್ವನನ್ನು ನೋಡಿ, ಟೊಪ್ಪಿಗೆ ತೆಗೆದ. ಗಾಬರಿಯಾಗಬೇಡಿ, ಬಿಗಿದ ಕಾಲುಗಳನ್ನು ಮೆಲ್ಲಗೆ ಸಡಿಲಿಸಿ ನೇರ ಮಾಡುವುದು ನಮಗೆ ಬರುತ್ತದೆ ಎಂದು ಮೃದುವಾದ ಇಂಗ್ಲಿಷಿನಲ್ಲಿ ಹೇಳಿದ. ಒಳ್ಳೆಯ ಮನುಷ್ಯ, ತನ್ನ ಕೆಲಸ ಹೇಳಿದ. ನಿವೇದಿತಾಗೆ ಮಾತ್ರ ಮೈಯೆಲ್ಲ ಉರಿಯಿತು.

"ಕೇಳಿದ್ರೇನು ಭಾವಾರ? ಸತ್ತ ಮ್ಯಾಲೂ ಎಬ್ಬಸ್ತೀರಿ ಅವರನ್ನ."

"ಎಬ್ಬಸೂದಲ್ಲ, ಮಲಗಸೂದು," ಎಂದ ಶ್ರೀಶೈಲ್. ಅವನ ಕಣ್ಣುಗಳೂ ಕೆಂಪಾಗಿದ್ದವು. "ನನಗೂ ಅಕಿ ಅವ್ವನ ರಿ. ನಾಲ್ಕು ಮಂದಿ ಮುಂದ ನೆಟ್ಟಗ, ಗೌರವದಿಂದ ಹೋಗ್ಲಿ ಅಂತೀನಿ. ಅಪ್ಪಾ, ನೀವರ ಹೇಳ್ರಿ."

ನೀಲಕಂಠಪ್ಪ ಬೆಳಗಿನಿಂದ ಮೊದಲ ಸಲ ಬಾಯಿಬಿಟ್ಟ. "ದೊಡ್ಡಾಂವ ಹೇಳಿದಂಗ ಆಗ್ಲಿ. ನಡೀರಿ."

"ಮಾವಾರ, ನಿಮ್ಮ ಮಾತು ಎಲ್ಲಾ ಕೇಳೀನಿ. ಇದೊಂದು ಕೇಳಂಗಿಲ್ಲ," ಎಂದು ನಿವೇದಿತಾ ಮೇಜಿನ ಮುಂದೆ ಹೋಗಿ ನಿಂತಳು. ನೇಹಾ ಅವಳ ಪಕ್ಕಕ್ಕೆ ಬಂದು ನಿಂತು, "ಅಜ್ಜಿ ಈಸ್ ಸಿಟಿಂಗ್, ದೊಡ್ಡಪ್ಪ," ಎಂದಳು.

ಮಾವ ಅವಳತ್ತ ನೋಡಲೂ ಇಲ್ಲ. ಹೊರಡಲೆಂದು ಕೋಲು ಊರಿ ಎದ್ದು, ಬಾಗಿಲು ದಾಟಿ, ಜಗುಲಿಯ ಮೆಟ್ಟಿಲಿಗೆ ಕಾಲಿಟ್ಟ. ಉರುಳಿದ ಬಟ್ಟಲನ್ನು ಮೂಸುತ್ತಿದ್ದ ಬೂದುಬೆಕ್ಕು ಕೋಲಿನ ಸದ್ದಿಗೆ ಬೆದರಿ, ಅವನ ಮುಂದೆಯೇ ಎಡದಿಂದ ಬಲಕ್ಕೆ ಓಡಿಹೋಯಿತು.

ನೀಲಕಂಠಪ್ಪ ನಿಂತ. ತಿರುಗಿದ. ಯಾರ ಮುಖವನ್ನೂ ನೋಡದೆ ಒಳಗೆ ಬಂದು ಒರಗುಕುರ್ಚಿಯಲ್ಲಿ ಕೂತ.

"ನೀರು," ಎಂದ.

ಎಂದಮೇಲೆ ತಲೆಯೆತ್ತಿದ. ಎದುರಿಗೇ ಗುರವ್ವ ಕೂತಿದ್ದಳು.

ಹೊರಗೆ ಚಿದಾನಂದ್ ಇನ್ನೂ ಸೀಟು ಎಳೆಯುತ್ತಿದ್ದುದು ಕೇಳುತ್ತಿತ್ತು. ನಳಿನಿ ಆಂಟಿ ಅಭ್ಯಾಸಬಲದಿಂದ ಅಡುಗೆಮನೆಯ ಕಡೆ ತಿರುಗಿದರು. ನಿವೇದಿತಾ ಅವರ ಕೈ ಹಿಡಿದಳು. "ಕೂತ್ಕೊಳ್ಳಿ ಆಂಟಿ," ಎಂದು, ತಾನೂ ಅತ್ತೆಯ ಮೇಜಿನ ಬುಡದಲ್ಲಿ ನೆಲಕ್ಕೆ ಚಕ್ಕಳಮಕ್ಕಳ ಹಾಕಿ ಕೂತಳು. ನೇಹಾ ಕೂತಳು. ನಳಿನಿ ಆಂಟಿ ಒಂದು ಕ್ಷಣ ಸೊಸೆಯನ್ನೂ ಅತ್ತೆಯನ್ನೂ ನೋಡಿ, ಸೆರಗು ಸರಿಮಾಡಿಕೊಂಡು, ಮಂಡಿನೋವಿನ ಕಾಲನ್ನು ಚಾಚಿ ಕೂತರು. ಅವರ ಹಿಂದೆ ನಗು ತಡೆದುಕೊಂಡಿದ್ದವರೂ ಒಬ್ಬೊಬ್ಬರಾಗಿ ಕೂತರು.

"ಯಾರಾದ್ರೂ ಅಪ್ಪಗ ಒಂದು ಗ್ಲಾಸ್ ನೀರು..." ಎಂದ ಶ್ರೀಶೈಲ್. ಯಾರೂ ಏಳಲಿಲ್ಲ. ಅವನೇ ಹೊರಟ.

"ನೀ ಬ್ಯಾಡ," ಎಂದ ನೀಲಕಂಠಪ್ಪ.

ಅವನು ಎದ್ದು, ಕೋಲನ್ನು ಕುರ್ಚಿಗೆ ಒರಗಿಸಿ, ಅಡುಗೆಮನೆಗೆ ಹೋದ. ಕಪಾಟಿನ ಬಾಗಿಲು ತೆರೆದ ಸದ್ದು, ಮುಚ್ಚಿದ ಸದ್ದು. ಇನ್ನೊಂದು ಕಪಾಟು. ಡಬ್ಬಿಗಳು ತಾಗಿದವು, ಏನೋ ಬಿತ್ತು. ಇಷ್ಟು ವರ್ಷ ಇದ್ದ ಮನೆಯಲ್ಲಿ ಲೋಟ ಎಲ್ಲಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಬಲಗಡೆಯ ಮೇಲಿನ ಕಪಾಟು ಎಂದು ನಿವೇದಿತಾಳ ನಾಲಿಗೆಯ ತುದಿಗೆ ಬಂತು. ಹೇಳಲಿಲ್ಲ.

ಕಡೆಗೆ ನಲ್ಲಿಯ ಸದ್ದು ಬಂತು. ಅವನು ಹೊರಗೆ ಬಂದಾಗ ಕೈಯಲ್ಲಿದ್ದದ್ದು ಹಿಟ್ಟು ಅಳೆಯುವ, ಕೆಂಪು ಗೆರೆಗಳ ಗಾಜಿನ ಅಳತೆಪಾತ್ರೆ. ನೀರು ಕಂಠದವರೆಗೆ ತುಂಬಿ, ನಡೆದಲ್ಲೆಲ್ಲ ತುಳುಕುತ್ತಿತ್ತು. ಕೂತ ಹೆಂಗಸರು ಕಾಲು ಸರಿಸಿ ದಾರಿ ಬಿಟ್ಟರು. ಒರಗುಕುರ್ಚಿಯನ್ನು ದಾಟಿ ಅವನು ಮೇಜಿನ ಮುಂದೆ ಬಂದ.

"ಶ್ರೀಶೈಲ, ಆ ಮನಿಷ್ಯಾನ್ನ ಕಳಸು," ಎಂದ, ತಿರುಗದೆ. "ನಿಮ್ಮವ್ವ ಕುಂತಾಳ."

ಅಂಗಳದಲ್ಲಿ ಸ್ಟ್ರೆಚರಿನ ಕಾಲು ಮಡಚಿದ ಸದ್ದಾಯಿತು. ನೀಲಕಂಠಪ್ಪ ಅಲ್ಲಿಂದ ಕದಲಲಿಲ್ಲ. ಬಲಗೈಯಲ್ಲಿ ನೀರು ಮುಂದೆ ಚಾಚಿ, ಎಡಗೈಯನ್ನು ಬಲ ಮೊಣಕೈಗೆ ಆನಿಸಿ, ಕೂತ ಗುರವ್ವನ ಮುಂದೆ ನಿಂತೇ ಇದ್ದ.