ಚನ್ನವೀರಪ್ಪ ಪಣ ತೂಗಿದ ಬಗೆ

ವಿಭೂತಿಯ ಬಟ್ಟಲು ಹಿಡಿದು ತೀರಿಕೊಂಡ ಅಪ್ಪನ ಪಕ್ಕದಲ್ಲಿ ನಿಂತಿದ್ದ ಸುಶೀಲವ್ವನಿಗೆ ಒಂದೇ ಅಳುಕು. ಹಾಡ್ಯಾಡಿ ಅಳುವ ಸರದಿ ತನ್ನದಾದಾಗ ದನಿಯೇ ಹೊರಡದಿದ್ದರೆ? ಮಗಳಾದವಳು ಸತ್ತವನ ಗುಣ ಹೇಳಿ ಅಳಬೇಕು. ಅವಳೋ ನಾಲ್ಕು ಜನರ ನಡುವೆ ನೀರು ಕೇಳಲಿಕ್ಕೂ ನಾಚುವವಳು.

ಗೋಡೆಗೆ ಆನಿಸಿ ಕೂರಿಸಿದ್ದ ಅಪ್ಪ ಚನ್ನವೀರಪ್ಪ, ತಲೆಗೆ ಪಟಗ ಸುತ್ತಿಸಿಕೊಂಡು, ಗಿರಾಕಿಯ ಮಾತು ಕೇಳುತ್ತಿದ್ದವನ ಹಾಗೆಯೇ ಕಾಣುತ್ತಿದ್ದ. ಬಂಕಾಪುರದಲ್ಲಿ ಅವನದು ಹಗ್ಗದ ಅಂಗಡಿ. ಆದರೆ ನಾಗರಪಂಚಮಿ ಬಂತೆಂದರೆ ಹಗ್ಗ ಕೊಳ್ಳುವವರಿಗಿಂತ ಪಣ ಕಟ್ಟುವವರೇ ಅವನ ಕಟ್ಟೆಯ ಮೇಲೆ ಹೆಚ್ಚು. ನಿಂಬೆಹಣ್ಣನ್ನು ಇಂತಿಷ್ಟೇ ಎಸೆತಕ್ಕೆ ಊರ ಹೊರಗಿನ ಬಸವಣ್ಣನ ಗುಡಿ ಮುಟ್ಟಿಸುವ ಪಂದ್ಯವಿರಲಿ, ಇಸ್ಪೀಟಿನ ಎಲೆಯಾಟವಿರಲಿ, ‘ಇದರಾಗ ಧೋಕಾ ಎಷ್ಟೈತ್ರಿ?’ ಎಂದು, ಅಂದರೆ ಅಪಾಯವೆಷ್ಟು ಎಂದು, ಅವನನ್ನು ಕೇಳದೆ ಯಾರೂ ಕೈ ಹಾಕುತ್ತಿರಲಿಲ್ಲ. ತಾನು ಮಾತ್ರ ಎಂದೂ ಪಣ ಕಟ್ಟಿದವನಲ್ಲ.

“ನಮ್ಮನಿಯವರಿಗೆ ಅಂದಿದ್ದ,” ನೆರೆಮನೆಯ ಸಿದ್ದವ್ವ ಕಣ್ಣೊರೆಸಿಕೊಂಡಳು, “ಕಾಳಗದ ಹುಂಜಕ್ಕ ಬುದ್ಧಿಲ್ಲ, ನಿನಗೂ ಇಲ್ಲ, ಇಬ್ರೂ ಕೂಡಬ್ಯಾಡ್ರಿ ಅಂತ.”

ಅಳುತ್ತಿದ್ದ ಹೆಂಗಸರು ಸೆರಗಿನಲ್ಲಿ ನಕ್ಕರು.

ಆಗ ಅಪ್ಪನ ತಮ್ಮ ಮಹಾಲಿಂಗಪ್ಪ ಎದ್ದು ನಿಂತ. ಸತ್ತವರನ್ನು ಎತ್ತುವ ಮೊದಲು ಅವರ ಮನಸ್ಸಿನಲ್ಲಿದ್ದದ್ದನ್ನು ಹಿರಿಯರ ಮುಂದೆ ಹೇಳುವುದು ಆ ಮನೆತನದ ರೂಢಿ. ಆಗ ಯಾರೂ ಅಲ್ಲಗಳೆಯದಿದ್ದರೆ, ಎತ್ತಿದ ಮೇಲೆ ಅದನ್ನು ಮೀರುವಂತಿಲ್ಲ.

“ಹೊಲಾ ಮಾರಿ ಹತ್ತಿ ಅಂಕಿಗೆ ಹಚ್ಚೂದು ಅಣ್ಣನ ಮನಸಿನ್ಯಾಗಿತ್ತು. ಅದರಾಗ ಧೋಕಾ ಇಲ್ಲಂತ ಅವ ಪರೀಕ್ಷಾ ಮಾಡಿದ್ದು ನಾನ ಕಣ್ಣಾರೆ ನೋಡೇನಿ.”

ಮುಂಬಯಿಯಿಂದ ತಂತಿಯಲ್ಲಿ ಬರುವ ಹತ್ತಿ ದರದ ಕೊನೆಯ ಅಂಕಿಯ ಮೇಲೆ ಪಣ ಕಟ್ಟುವ ಆಟ ಅದು. ಯುದ್ಧ ಶುರುವಾದಾಗಿನಿಂದ ಹುಬ್ಬಳ್ಳಿ ದಾಟಿ ಸವಣೂರಿನವರೆಗೂ ಹಬ್ಬಿತ್ತು. ಚನ್ನವೀರಪ್ಪನೇ ತೂಗಿ ನೋಡಿದ್ದಾನೆಂದ ಮೇಲೆ ಇನ್ನೇನು ಎಂದು ಹಿರಿಯರು ತಲೆದೂಗಿದರು. ಅವ್ವ ಸರೋಜವ್ವನ ಅನ್ನಕ್ಕೆ ಉಳಿದದ್ದು ಆ ಹೊಲ ಒಂದೇ. ಆದರೂ ಗಂಡನ ಮನಸಿನಂತೆ ಆಗಲಿ ಎಂದು ಅವಳು ಮುಖ ಎತ್ತದೆ ಒಪ್ಪಿದಳು.

*

ಹೋದ ಬೇಸಿಗೆಯ ಒಂದು ಮಧ್ಯಾಹ್ನ ಅಪ್ಪ ಹುಣಸೆಬೀಜ ತಂದು ತನಗೂ ಮಗಳಿಗೂ ಸಮನಾಗಿ ಹಂಚಿದ್ದ. ಅವನು ಎಲೆ ಆಡುವುದು, ಅವಳು ಹತ್ತಿ ಆಟದ ಹಾಗೆ ಅಂಕಿ ಹಿಡಿಯುವುದು. ಯಾವುದು ಎಷ್ಟು ಬಾಳುತ್ತದೆ ನೋಡೋಣ ಎಂದಿದ್ದ. ಅಂಕಿ ಬರೆದು ಮಡಕೆಗೆ ಹಾಕಿದ್ದ ಚೀಟಿ ಎತ್ತಿದರೆ ಅವಳು ಹಿಡಿದ ಅಂಕಿಯೇ ಬೆನ್ನುಬೆನ್ನಿಗೆ ಬಂತು, ಉಡಿ ತುಂಬ ಬೀಜ. ಅದೇ ಹೊತ್ತಿಗೆ ಬಂದ ಕಾಕಾ ಮಹಾಲಿಂಗಪ್ಪ ಬಾಗಿಲಲ್ಲೇ ನಿಂತು ನೋಡಿ, ಚಹಾಕ್ಕೂ ಕೂರದೆ ಹೊರಟುಹೋದ.

ಆಟ ನಡೆದೇ ಇತ್ತು. ಅಪ್ಪನ ಬೀಜ ಏರಿ ಇಳಿದು ಮೆಲ್ಲಗೆ ಕರಗಿದರೂ ಒಂದಿಷ್ಟು ಉಳಿಯಿತು. ಅವಳ ಅಂಕಿ ಮತ್ತೆ ಬರಲೇ ಇಲ್ಲ. ಸಂಜೆಗೆ ಅವಳ ಮುಂದೆ ಬರೀ ನೆಲ.

“ಗೆದ್ದಾಗ ಎಷ್ಟು ಬಂತು ಅಂತ ಎಲ್ಲಾರೂ ನೋಡ್ತಾರ,” ಅಪ್ಪ ಅಂದಿದ್ದ. “ಗೆಲ್ಲೂ ತನಕಾ ಎಷ್ಟ ದಿನಾ ಉಪಾಸ ಕುಂದರಬೇಕು, ಅಲ್ಲೀತನಕಾ ಜೀವ ಹಿಡಿತೈತೇನು, ಅದನ್ನ ನೋಡಬೇಕವಾ.”

*

ಭಜನೆಯವರು ತಾಳ ಕೈಗೆತ್ತಿಕೊಂಡರು. ಕಾಕಾ ಸುಳ್ಳುಗಾರನಲ್ಲ, ಕಂಡದ್ದನ್ನೇ ಹೇಳಿದ್ದ. ಸುಶೀಲವ್ವನಿಗೆ ದಿಗಿಲಾದದ್ದೂ ಅದಕ್ಕೇ. ಅಪ್ಪನನ್ನು ಎತ್ತಿದರೆ ಆ ಮಾತು ಗಟ್ಟಿಯಾಗಿಬಿಡುತ್ತದೆ.

ಸಿದ್ದವ್ವ ಅವಳ ಬೆನ್ನು ಸವರಿ, “ಅಳವಾ ನನ್ನವ್ವಾ, ಒಂದ ಮಾತರ ಆಡಿ ಕಳಸು,” ಎಂದಳು. ಮಗಳು ಅಳುವಾಗ ನಡುವೆ ಬಾಯಿ ಹಾಕುವ ಹಕ್ಕು ಹಿರಿಯರಿಗೂ ಇಲ್ಲ.

ಸುಶೀಲವ್ವ ಅಪ್ಪನ ಮೊಣಕಾಲಿಗೆ ಕೈ ಹಚ್ಚಿದಳು. ರಾಗ ಬರಲಿಲ್ಲ, ಕಣ್ಣೀರೂ ಬರಲಿಲ್ಲ.

“ಕಾಕಾ, ನೀವು ಅರ್ಧಾ ಆಟಾ ನೋಡಿ ಹೋದ್ರಿ. ಆಮ್ಯಾಲ ಆ ಅಂಕಿ ಹಿಡದ ನಾ ಎಲ್ಲಾ ಸೋತೆ.”

ಭಜನೆಯವರು ತಾಳ ಕೆಳಗಿಟ್ಟರು. ಅಣ್ಣನನ್ನು ಹೊರುವ ವಿಮಾನದ ಬಿದಿರು ಒತ್ತದಿರಲೆಂದು ಹೆಗಲ ಮೇಲೆ ಮಡಚಿ ಇಟ್ಟುಕೊಂಡಿದ್ದ ವಸ್ತ್ರವನ್ನು ಮಹಾಲಿಂಗಪ್ಪ ಕೈಗೆ ತೆಗೆದುಕೊಂಡ. ಬಿಚ್ಚಿದ. “ಹೌದು, ನಾ ಪೂರಾ ನೋಡಲಿಲ್ಲ,” ಎನ್ನುತ್ತ ಮತ್ತೆ ಅಂಚಿಗೆ ಅಂಚು ಕೂಡಿಸಿ ಮಡಚತೊಡಗಿದ.