ಕಸ್ತೂರೆವ್ವನ ಹಳೆಯ ನಂಬರು

ನಾನೊಂದು ದಾಖಲೆ. ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಕಂಪ್ಯೂಟರಿನಲ್ಲಿ, ಮೂತ್ರಪಿಂಡಕ್ಕಾಗಿ ಕಾಯುವವರ ಕೋಷ್ಟಕದಲ್ಲಿ ಹುಟ್ಟಿದೆ. ನನ್ನೊಳಗೆ ಇರುವುದು ಇಷ್ಟೇ: ಕಸ್ತೂರೆವ್ವ ಹಡಪದ, ವಯಸ್ಸು ನಲವತ್ತೊಂದು, ರಕ್ತದ ಗುಂಪು, ನೋಂದಾಯಿಸಿದ ತಾರೀಖು, ಒಂದು ಫೋನ್ ನಂಬರು.

ನಮ್ಮಲ್ಲಿ ಪ್ರತಿ ದಾಖಲೆಗೂ ಒಂದು ಗುರುತಿನ ಸಂಖ್ಯೆ ಬೇಕು. ಪ್ರೈಮರಿ ಕೀ ಎನ್ನುತ್ತಾರೆ. ಅದು ಎಂದೂ ಬದಲಾಗಬಾರದು. ನಮ್ಮನ್ನು ಕಟ್ಟಿದ ಪ್ರೋಗ್ರಾಮರ್ ಬೇರೆಯೇ ಸಂಖ್ಯೆ ಕೊಡಬೇಕೆಂದಿದ್ದ. ಕೌಂಟರಿನ ಸಂಗಣ್ಣ ಒಪ್ಪಲಿಲ್ಲ.

"ಮಂದಿ ಚೀಟಿ ಕಳಕೋತಾರ್ರಿ. ಫೋನ್ ನಂಬರಷ್ಟ ನೆಪ್ಪಿರತೈತಿ. ಅದನ್ನ ಇಡ್ರಿ" ಎಂದ. ಪ್ರೋಗ್ರಾಮರ್ ಪುಣ್ಯಾತ್ಮ ತಲೆಯಾಡಿಸಿ ಅದನ್ನೇ ಇಟ್ಟುಬಿಟ್ಟ.

ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಬರುತ್ತಿದ್ದ ಕಸ್ತೂರೆವ್ವ ಮೂರು ತಿಂಗಳಿಗೊಮ್ಮೆ ಕೌಂಟರಿನಲ್ಲಿ ನನ್ನನ್ನು ತೆಗೆಸಿ ಸರದಿ ಕೇಳುತ್ತಿದ್ದಳು. ನಾಲ್ಕು ವರ್ಷ ಒಟ್ಟಿಗೆ ಕಾದೆವು. ಕೊನೆಗೆ ಮೂರನೆಯ ಸ್ಥಾನಕ್ಕೆ ಬಂದೆವು. ನನಗೋ ಹಿಗ್ಗೋ ಹಿಗ್ಗು.

ಅಷ್ಟರಲ್ಲಿ ಬಸ್ಸಿನಲ್ಲಿ ಆಕೆಯ ಫೋನ್ ಕಳೆಯಿತು. ಸಿಮ್ ತೀರಿಹೋದ ಗಂಡನ ಹೆಸರಿನಲ್ಲಿತ್ತು, ಹಾಗಾಗಿ ಹಳೆಯ ನಂಬರು ಮತ್ತೆ ಸಿಗಲಿಲ್ಲ.

"ನಂಬರ ಬದಲಾಗೇತ್ರಿ ಅಣ್ಣಾರ" ಎಂದಳು.

ಸಂಗಣ್ಣ ನನ್ನನ್ನು ತೆರೆದು ನಂಬರು ತಿದ್ದಿ ಸೇವ್ ಒತ್ತಿದ. ಅವನಿಗೂ ಕೋಷ್ಟಕಕ್ಕೂ ನಡುವೆ ದುಭಾಷಿಯಂತೆ ಕೂತಿರುವ ಪ್ರೋಗ್ರಾಮೊಂದಿದೆ. ಅದು ಹೊಸ ನಂಬರನ್ನು ಕೋಷ್ಟಕದಲ್ಲೆಲ್ಲ ಹುಡುಕಿತು. ಸಿಗಲಿಲ್ಲ. ಯಾರೋ ಹೊಸಬರು ಎಂದುಕೊಂಡು ಬೇರೆ ದಾಖಲೆ ಬರೆದು, ಅಂದಿನ ತಾರೀಖು ಹಾಕಿತು. ನಾನು ಹಳೆಯ ನಂಬರು ಹೊತ್ತು ಇದ್ದಲ್ಲೇ ಉಳಿದೆ. ಪರದೆಯ ಮೇಲೆ 'ಉಳಿಸಲಾಗಿದೆ' ಎಂದು ಬಂತು. ಕಸ್ತೂರೆವ್ವ ಕೈಮುಗಿದು ಹೋದಳು.

ಎರಡು ತಿಂಗಳ ಬಳಿಕ ಒಂದು ಮಧ್ಯಾಹ್ನ ನಮ್ಮ ಸರದಿ ಬಂತು. ನರ್ಸ್ ನನ್ನಲ್ಲಿದ್ದ ನಂಬರಿಗೆ ಆರು ಸಲ ಫೋನ್ ಮಾಡಿದಳು. ಸ್ವಿಚ್ ಆಫ್. ಕಿರುಚೋಣವೆಂದರೆ ನನಗೆ ಬಾಯಿಲ್ಲ. ಮೂತ್ರಪಿಂಡ ಮುಂದಿನವರಿಗೆ ಹೋಯಿತು. ಆ ಹೊತ್ತಿನಲ್ಲಿ ಆಕೆ ಕೆಳಗಿನ ಮಹಡಿಯಲ್ಲೇ ಡಯಾಲಿಸಿಸ್ ಯಂತ್ರಕ್ಕೆ ಕೈಚಾಚಿ ಮಲಗಿದ್ದಳೆಂದು ಹಾಜರಿ ಕೋಷ್ಟಕದಿಂದ ಆಮೇಲೆ ತಿಳಿಯಿತು.

ಮುಂದಿನ ಸಲ ಕೌಂಟರಿಗೆ ಬಂದಾಗ ಆಕೆ, "ನನ್ನ ಮುಂದ ಇನ್ನ ಎಷ್ಟ ಮಂದಿ ಅದಾರ್ರಿ?" ಎಂದು ಕೇಳಿದಳು.

ಸಂಗಣ್ಣ ಹೊಸ ನಂಬರು ಒತ್ತಿ ನೋಡಿದ. "ಅರವತ್ತೊಂಬತ್ತು."

"ಮೂರನೇದು ಅಂದಿದ್ರಲ್ರೀ!"

"ನಾ ಏನ್ ಮಾಡ್ಲಿ ಅಕ್ಕಾ, ಕಂಪ್ಯೂಟರ್‌ನ್ಯಾಗ ಹಂಗ ಐತಿ."

ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಡಯಾಲಿಸಿಸ್‌ಗೆ ಹೋದಳು. ಆ ಚಳಿಗಾಲ ಕಳೆಯುವುದರೊಳಗೆ ಹೊಸ ದಾಖಲೆಯಲ್ಲಿ 'ಮೃತ' ಎಂದು ತುಂಬಿದರು.

ನನ್ನನ್ನು ಯಾರೂ ಮುಟ್ಟಲಿಲ್ಲ. ನನಗೀಗ ವಯಸ್ಸಾಗಿದೆ, ಆದರೆ ಸಾವಿಲ್ಲ. ಈಗ ಪಟ್ಟಿಯಲ್ಲಿ ನನ್ನದೇ ಮೊದಲ ಸ್ಥಾನ, ಅದಕ್ಕಿಂತ ದೊಡ್ಡ ನಾಚಿಕೆ ನನಗಿಲ್ಲ. ಅಂದು ಕಸ್ತೂರೆವ್ವನ ಮುಂದಿವೆಯೆಂದು ಸಂಗಣ್ಣ ಹೇಳಿದ ಅರವತ್ತೊಂಬತ್ತು ಹೆಸರುಗಳಲ್ಲಿ ಒಂದು ಕಸ್ತೂರೆವ್ವನದೇ ಆಗಿತ್ತು.